ಗಿಟಾರಿನ ತಟ್ಟೆಗೆ ಬಿದ್ದ ಕೆಂಪು ನಂಬರು

ಮಾವನ ಮೈಕ್‌ಸೆಟ್ ಅಂಗಡಿಯಲ್ಲಿ ಒಂದು ಕಟ್ಟುನಿಟ್ಟಿತ್ತು. ಹಾಡಿನ ತಟ್ಟೆ ಯಾವುದೇ ಬರಲಿ, ಮೊದಲು ಅದರ ನಡುವಿನ ಕಾಗದದ ಮೇಲೆ ಕೆಂಪು ಬಣ್ಣದಲ್ಲಿ ನಮ್ಮ ಅಂಗಡಿಯ ನಂಬರು ಬೀಳಬೇಕು, ಆಮೇಲೆ ಅದು ಹಾಡಬೇಕು. ಒಂದೇ ಛತ್ರಕ್ಕೆ ಇಬ್ಬರು ಮೈಕಿನವರು ಬಂದಾಗ ತಟ್ಟೆಗಳು ಅದಲುಬದಲಾಗಿ, ಹಿರಿಯೂರಿನವರದು ನಮ್ಮ ಪೆಟ್ಟಿಗೆಯಲ್ಲೂ ನಮ್ಮದು ಹೊಳಲ್ಕೆರೆಯವರ ಪೆಟ್ಟಿಗೆಯಲ್ಲೂ ಸಿಕ್ಕಿ ಜಗಳವಾಗುತ್ತಿತ್ತು. ನಂಬರು ಬರೆಯುವ ಕೆಲಸ ನನ್ನದು. ಚಿತ್ರದುರ್ಗದಲ್ಲಿ ಕಾಲೇಜು ಓದುತ್ತ, ಬಿಡುವಿದ್ದಾಗ ಅಂಗಡಿ ನೋಡಿಕೊಳ್ಳುತ್ತಿದ್ದೆ. ಇಪ್ಪತ್ತಕ್ಕೇ ನನಗೆ ಐವತ್ತರ ಚಿಂತೆಗಳಿದ್ದವು: ಸೂಜಿ ಸವೆಯಿತೇ, ವೈರು ಸುಟ್ಟೀತೇ, ನನ್ನ ಪ್ಯಾಂಟು ಗಿಡ್ಡ ಕಾಣುತ್ತಿದೆಯೇ. ಈಗ ಐವತ್ತು ನಿಜವಾಗಿಯೂ ಹತ್ತಿರ ಬಂದಿದೆ. ಆ ಚಿಂತೆಗಳಿಗೆ ಕಡೆಗೂ ತಕ್ಕ ವಯಸ್ಸು ಸಿಕ್ಕಿದೆ. ಹಾಡಿನ ವಿಷಯದಲ್ಲಿ ಮಾತ್ರ ಆಗ ಚಿಂತೆಯಿರಲಿಲ್ಲ. ದುರ್ಗದಲ್ಲಿ ನನ್ನಷ್ಟು ಹಾಡು ಬಲ್ಲವರಿಲ್ಲ ಎಂದೇ ನಂಬಿದ್ದೆ. ನಂಬಿಕೆಗೆ ಇದ್ದ ಆಧಾರ ಇಷ್ಟೇ, ಪ್ಲೇಯರ್ ನಮ್ಮಲ್ಲಿತ್ತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ಶನಿವಾರ ಮಧ್ಯಾಹ್ನ ನನ್ನ ಸಹಪಾಠಿ ಅಂಗಡಿಗೆ ಬಂದ. ತುರುವನೂರಿನ ಕುರಿ ಸಾಕುವ ಮನೆಯವನು, ಕಾಲೇಜಿಗೂ ಪಂಚೆ ಉಟ್ಟು ಬರುತ್ತಿದ್ದ. ಕಂಕುಳಲ್ಲಿ ಟವೆಲು ಸುತ್ತಿದ ಚೌಕದ ವಸ್ತುವೊಂದಿತ್ತು.

“ಇದೇನು ನೋಡಪ್ಪ. ನಮ್ಮಣ್ಣ ಲಾರಿ ತಗೊಂಡು ಬೊಂಬಾಯಿಗೆ ಹೋಗಿದ್ನಲ್ಲ, ಅಲ್ಲಿ ಫುಟ್‌ಪಾತ್‌ನಾಗೆ ಇತ್ತಂತೆ. ಇವರ ಕೂದಲು ನೋಡಿ ನಗು ಬಂತಂತೆ, ತಂದವ್ನೆ.”

ಇಂಗ್ಲಿಷ್ ಎಲ್‌ಪಿ. ಹೊದಿಕೆಯ ಮೇಲೆ ಎದೆಯವರೆಗೆ ಕೂದಲು ಬಿಟ್ಟ ನಾಲ್ವರು, ಯಾರ ಮೇಲೋ ಸಿಟ್ಟಾದವರ ಹಾಗೆ ನಿಂತಿದ್ದರು. ನಾನು ಅವರನ್ನು ಕಂಡವನೂ ಅಲ್ಲ, ಕೇಳಿದವನೂ ಅಲ್ಲ. “ಓ, ಇವರಾ,” ಅಂದೆ.

ಮಾವ ನಾಟಕದವರಿಗೆಂದು ಮಾಡಿಸಿದ್ದ ಮರದ ಪೆಟ್ಟಿಗೆಯ ಸ್ಪೀಕರಿಗೆ ವೈರು ಕೊಟ್ಟು ಸೂಜಿ ಇಳಿಸಿದೆ. ಗಿಟಾರು ಶುರುವಾಯಿತು. ಮರುಕ್ಷಣವೇ ಸ್ವಿಚ್ ಆರಿಸಿದೆ. ಆಂಪ್ಲಿಫೈಯರ್ ಕೆಟ್ಟಿತೆಂದು ನನ್ನ ಗ್ಯಾರಂಟಿ. ಮದುವೆ ಮನೆಯಲ್ಲಿ ಅಂಥ ಗರಗರ ಸದ್ದು ಬಂದರೆ ಮಾವ ಎಲ್ಲರೆದುರು ಬೈಯುತ್ತಿದ್ದರು. ಆ ಸದ್ದನ್ನು ತೆಗೆಯುವುದೇ ನಮ್ಮ ಕಸುಬು.

“ಕೆಟ್ಟಿಲ್ಲ ಬಿಡಲೇ,” ಅಂದ ಅವನು. “ತಾಳಕ್ಕೆ ಸರಿಯಾಗಿ ಗರ್‌ಗುಡ್ತಾ ಐತೆ. ಕೆಟ್ಟಿದ್ದಾದ್ರೆ ತಾಳ ನೋಡ್ಕೊಂಡು ಕೆಡ್ತಿತ್ತೇನು?”

ಅವನು ಹೇಳಿದ್ದು ಸರಿ. ಆ ಮಹಾನುಭಾವರು ಬೇಕೆಂದೇ ಹಾಗೆ ನುಡಿಸಿದ್ದರು. ಮತ್ತೆ ಹಾಕಿದೆ. ಹೊಟ್ಟೆಯೊಳಗೇ ಯಾರೋ ಬಾಗಿಲು ಬಡಿದಂತೆ ಡ್ರಮ್ಮು, ಅದರ ಮೇಲೆ ಗಂಟಲು ಹರಿಯುವಂತೆ ಕೂಗುವ ಗಂಡಸು. ನನಗೆ ಕೇಳಿಸಿದ್ದು ಒಂದು ದೊಡ್ಡ ಗದ್ದಲ, ಅದ್ಭುತವಾದ ಗದ್ದಲ. ಅವನಿಗೆ ಹಾಗಲ್ಲ. ಕಣ್ಣು ಮುಚ್ಚಿ ಕೂತು ಬೆರಳು ಎತ್ತಿ ಹೇಳುತ್ತಿದ್ದ: “ಕೆಳಗೆ ಒಂದು ದಪ್ಪ ತಂತಿ ನಡೀತೈತೆ ಕೇಳು. ಎಲ್ಲರೂ ಕುಣಿದ್ರೂ ಅದು ಬ್ಯಾರೆ ದಾರೀಲಿ ಹೋಗ್ತೈತೆ.”

“ಅದೆಂಗೆ ಗೊತ್ತಾಗುತ್ತೆ ನಿನಗೆ?”

“ಮುನ್ನೂರು ಕುರಿ ಒಟ್ಟಿಗೆ ಅರಚುವಾಗ ಕುಂಟಕುರಿ ಯಾವುದು ಅಂತ ನಮ್ಮಪ್ಪ ಕೇಳ್ತಾರೆ. ಹೇಳ್ಬೇಕು.”

ನನ್ನ ಹೊಟ್ಟೆಕಿಚ್ಚು ಶುರುವಾದದ್ದು ಅಲ್ಲಿಂದ. ತಟ್ಟೆ ಅವನದೆಂಬುದನ್ನು ಹೇಗೋ ಸಹಿಸಬಹುದಿತ್ತು. ಕಿವಿಯೂ ಅವನದೇ ಆಗಬೇಕೇ? ಕಿವಿಯನ್ನು ಕಸಿಯುವ ದಾರಿ ತಿಳಿಯದೆ ತಟ್ಟೆಯ ಮೇಲೆ ಕಣ್ಣಿಟ್ಟೆ. “ಬಸ್ಸಿನ ಬಿಸಿಲಿಗೆ ಸೊಟ್ಟಗಾಗುತ್ತೆ, ಇಲ್ಲೇ ಇರಲಿ,” ಎಂದೆ. ಅವನು ನಂಬಿ ಬಿಟ್ಟುಹೋದ. ಪ್ರತಿ ಶನಿವಾರ ಬಂದು ಕೇಳುತ್ತಿದ್ದ. ಉಳಿದ ದಿನ ನಾನೊಬ್ಬನೇ ಕೇಳುತ್ತಿದ್ದೆ, ಆ ದಪ್ಪ ತಂತಿಯನ್ನು ಹುಡುಕುತ್ತ. ಒಂದು ದಿನವೂ ಸಿಗಲಿಲ್ಲ. ಮೂರನೆಯ ವಾರ, ಬೇರೆ ತಟ್ಟೆಗಳಿಗೆ ನಂಬರು ಬರೆಯುತ್ತಿದ್ದವನು ಇದಕ್ಕೂ ಬರೆದೆ: ನೂರಾ ಹದಿಮೂರು. ಅಭ್ಯಾಸದಿಂದ ಕೈ ತಪ್ಪಿತು ಎಂದು ನನಗೆ ನಾನೇ ಹೇಳಿಕೊಂಡೆ. ಎರಡು ಬದಿಗೂ ಕೈ ತಪ್ಪಿತ್ತು.

ಮುಂದಿನ ಶನಿವಾರ ಊರಲ್ಲಿ ಉಣ್ಣೆ ಕತ್ತರಿಸುವುದಿದೆ, ಬರುವುದಿಲ್ಲ ಎಂದ. ಆ ದಿನಕ್ಕೇ ನಾನು ಮೈಸೂರಿನಿಂದ ವರ್ಗವಾಗಿ ಬಂದಿದ್ದ ಇಂಜಿನಿಯರರ ಮಗನನ್ನೂ ಅವನ ಗೆಳೆಯನನ್ನೂ ಅಂಗಡಿಗೆ ಕರೆದೆ. ಕಾಲೇಜಿನಲ್ಲಿ ಇಂಗ್ಲಿಷ್ ಮಾತಾಡುತ್ತಿದ್ದವರು ಅವರಿಬ್ಬರೇ. ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

“ಇದು ನಿಮ್ಮ ಹತ್ರ ಇದೆಯಾ?” ಇಂಜಿನಿಯರರ ಮಗ ಹೊದಿಕೆಯನ್ನು ಎರಡೂ ಕೈಯಲ್ಲಿ ಹಿಡಿದ. “ಮೈಸೂರಲ್ಲೇ ಸಿಗಲ್ಲ ಕಣ್ರೀ.”

“ಬೊಂಬಾಯಿಂದ ತರಿಸಿದ್ದು,” ಅಂದೆ.

ಒಂದು ಬದಿ ಮುಗಿದು ತಟ್ಟೆ ಮಗುಚಲು ಎತ್ತಿದಾಗ ತುರುವನೂರಿನವನು ಬಾಗಿಲಲ್ಲಿ ನಿಂತಿದ್ದ. ಕೆಲಸ ಬೇಗ ಮುಗಿದು ಸೀದಾ ಬಸ್ಸು ಹತ್ತಿದ್ದನಂತೆ. ಅಂಗಿಯ ಮೇಲೆ ಉಣ್ಣೆಯ ಎಳೆಗಳಿದ್ದವು. ಕೆಂಪು ನಂಬರು ಅವನ ಮುಖಕ್ಕೇ ತಿರುಗಿತ್ತು. ಅವರ ಮನೆಯಲ್ಲಿ ಒಂದೊಂದು ಕುರಿಯ ಬೆನ್ನಿಗೂ ಬಣ್ಣದ ಗುರುತು ಇರುತ್ತದೆ, ಇನ್ನೊಬ್ಬರ ಹಿಂಡಿಗೆ ಸೇರಿದರೆ ಬಿಡಿಸಿ ತರಲು. ತನ್ನ ಕುರಿಗೆ ಬೇರೆಯವರ ಗುರುತು ಬಿದ್ದರೆ ಏನರ್ಥವೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

“ಬರ್ರಿ, ಕುಂತ್ಕಳ್ರಿ,” ಅಂದೆ. ಅದುವರೆಗೆ ಅವನಿಗೆ ಬಹುವಚನ ಹಚ್ಚಿದವನೇ ಅಲ್ಲ.

ಕೂತ. ಹಾಡು ಶುರುವಾಯಿತು. ಈಗ ಬಾಯಿ ಬಿಡುತ್ತಾನೆ, ಇನ್ನೇನು ಬಿಡುತ್ತಾನೆ ಎಂದು ಅವನ ತುಟಿಯನ್ನೇ ನೋಡುತ್ತಿದ್ದೆ. ಬಾಯಿ ಬಿಟ್ಟ, ಆದರೆ ದಪ್ಪ ತಂತಿಯ ವಿಷಯಕ್ಕೆ. ಇಂಜಿನಿಯರರ ಮಗ ಕುರ್ಚಿಯನ್ನು ಅವನತ್ತ ಎಳೆದುಕೊಂಡ. ಆಮೇಲೆ ಮಾತೆಲ್ಲ ಅವರವರದೇ. ನಾನು ಪ್ಲೇಯರಿನ ಧೂಳು ಒರೆಸುತ್ತಿದ್ದೆ.

ಹಾಡು ಮುಗಿದ ಮೇಲೆ ಅವನು ನನ್ನನ್ನು ಕೇಳಿದ: “ಒಂದು ಮಾತು, ಇಲ್ಲ ಅನ್ನಬ್ಯಾಡ. ಈ ತಟ್ಟೆ ನಾಕು ದಿನ ನಮ್ಮನೆಗೆ ಕೊಡ್ತೀಯ?”

“ಅದಕ್ಕೇನಪ್ಪ, ತಗೊಂಡೋಗು,” ಅಂದೆ. ನನ್ನ ದನಿಯಲ್ಲಿದ್ದ ಔದಾರ್ಯ ನನಗೇ ಕೇಳಿಸಿತು.

“ಹುಷಾರು ಕಣ್ರೀ,” ಇಂಜಿನಿಯರರ ಮಗ ಅವನಿಗೆ ಎಚ್ಚರಿಕೆ ಹೇಳಿದ. “ಗೀರು ಬಿದ್ರೆ ಇವರಿಗೆ ಇನ್ನೊಂದು ಸಿಗಲ್ಲ.”

“ಹೌದ್ರಿ. ಇನ್ನೊಬ್ಬರ ವಸ್ತು, ಜ್ವಾಪಾನ ಮಾಡ್ಬೇಕು.”

ಅವನ ಮುಖದಲ್ಲಿ ಕುಹಕ ಹುಡುಕಿದೆ. ಒಂದು ಚೂರು ಸಿಕ್ಕಿದ್ದರೂ ಸಾಕಿತ್ತು, ನೆಮ್ಮದಿಯಾಗಿ ಅವನನ್ನು ದ್ವೇಷಿಸುತ್ತಿದ್ದೆ.

ಸೋಮವಾರ ಕಾಲೇಜಿನಲ್ಲಿ ಅವನು ನಂಬರಿನ ಮಾತೆತ್ತಿದರೆ ಎಂದು ಎರಡು ದಿನ ಕೂತು ಆರೇಳು ಉತ್ತರ ತಯಾರು ಮಾಡಿದ್ದೆ. ಒಂದೂ ಬೇಕಾಗಲಿಲ್ಲ. ಅವನು ಹುರಿದ ಶೇಂಗಾ ಅರ್ಧ ನನ್ನ ಜೇಬಿಗೆ ಸುರಿದು, “ಭಾನುವಾರ ಇಂಜಿನಿಯರ್ ಮಗ, ಅವನ ಗೆಳೆಯ, ಇಬ್ರೂ ನಮ್ಮೂರಿಗೆ ಬರ್ತಾರಂತೆ. ಸೆಲ್ ಹಾಕೋ ಪ್ಲೇಯರ್ ಐತಂತೆ ಅವರ ಮನೇಲಿ. ನೀನೂ ಬಾ, ಹೋಗಾಣ,” ಅಂದ.

“ಆಗಲ್ಲ. ಹೊಸದುರ್ಗದಾಗೆ ಮದುವೆ ಐತೆ, ಮೈಕು ಕಟ್ಟಬೇಕು.”

ಅವನು ನನ್ನನ್ನು ಒಂದು ಗಳಿಗೆ ನೋಡಿದ. “ಹೌದಾ. ಸರಿ ಬಿಡು.”

ಮನೆಗೆ ಹೋಗುವ ದಾರಿಯಲ್ಲಿ ನೆನಪಾಯಿತು, ಆಷಾಢ ನಡೆಯುತ್ತಿತ್ತು. ಒಂದು ಮದುವೆಯೂ ಇಲ್ಲದ ತಿಂಗಳಲ್ಲಿ ಮದುವೆಯ ನೆಪ ಹೇಳಿದ್ದು ಬೇರೆ ಯಾರೂ ಅಲ್ಲ, ಮೈಕ್‌ಸೆಟ್ ಅಂಗಡಿಯವನು.

ಭಾನುವಾರ ಅಂಗಡಿಯಲ್ಲಿ ಕೂತಿದ್ದೆ. ತುರುವನೂರಿನ ಬಸ್ಸು ಎದುರಿಗೇ ಹಾದುಹೋಯಿತು. ಅವರಿಬ್ಬರನ್ನು ಕರೆದೊಯ್ಯಲು ಅವನೇ ಬಂದಿದ್ದನೆಂದು ಕಾಣುತ್ತದೆ. ಮೂವರೂ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂತಿದ್ದರು, ಇಂಜಿನಿಯರರ ಮಗನ ತೊಡೆಯ ಮೇಲೆ ಪ್ಲೇಯರ್. ಕಿಟಕಿಯಿಂದ ಅವನು ಕೈ ಬೀಸಿದ. ಹೊಸದುರ್ಗದಲ್ಲಿರಬೇಕಾದ ನಾನೂ ಎದ್ದು ನಿಂತು ಕೈ ಬೀಸಿದೆ. ಬಸ್ಸು ತಿರುವು ದಾಟಿದ ಮೇಲೂ ಕೈ ಮೇಲೇ ಇತ್ತು. ಅಷ್ಟು ಜೋರಾಗಿ ಬೀಸಬಾರದಿತ್ತೇನೋ ಎಂದು ಆ ಸಂಜೆಯೆಲ್ಲ ಕೊರಗಿದೆ.