ತುತ್ತಿನ ಭಯ

ಹೋದ ವಾರ ಝಳಕಿಯ ಖಾನಾವಳಿಯೊಂದರಲ್ಲಿ ಊಟಕ್ಕೆ ಕೂತಿದ್ದೆ. ಪಕ್ಕದ ಮೇಜಿನ ಹಿರಿಯರೊಬ್ಬರು ನೀರು ಕುಡಿಯುತ್ತ ಒಮ್ಮೆ ಕೆಮ್ಮಿದರು, ಅಷ್ಟೇ. ನನ್ನ ಕೈಯೊಳಗಿನ ರೊಟ್ಟಿ ತಾಟಿಗೆ ಬಿತ್ತು. ನೋಡಿದರೆ ನಾನು ಎದ್ದು ನಿಂತಿದ್ದೆ. ಅವರು ಮೀಸೆ ಒರೆಸಿಕೊಂಡು, "ಏನ ಬೇಕಾಗಿತ್ರಿ ಅಕ್ಕಾರ?" ಎಂದರು. ಏನು ಹೇಳಲಿ? "ಉಪ್ಪು" ಅಂದೆ. ಉಪ್ಪು ನನ್ನ ಮುಂದೆಯೇ ಇತ್ತು.

ಕೇಳಿದೊಡನೆ ಎದೆ ಧಸಕ್ಕೆನ್ನುವ ಸದ್ದೊಂದು ನಿಮಗೂ ಇರಬಹುದು. ನನಗೆ ಊಟದ ಹೊತ್ತಿನ ಕೆಮ್ಮು.

ಅಪ್ಪ ಇಂಡಿಯಲ್ಲಿ ನಿಂಬೆಹಣ್ಣಿನ ವ್ಯಾಪಾರ ಮಾಡುತ್ತಿದ್ದ. ಉಣ್ಣುವಾಗ ಮಾತು, ಮಾತಿನ ನಡುವೆ ನಗು, ನಗುವಿನ ನಡುವೆ ಮತ್ತೊಂದು ರೊಟ್ಟಿ. ಅವನು ಊಟಕ್ಕೆ ಕೂತದ್ದು ಓಣಿಗೆಲ್ಲ ಗೊತ್ತಾಗುತ್ತಿತ್ತು. ಅಂಥವನಿಗೆ ಲಕ್ವಾ ಹೊಡೆಯಿತು. ಆಸ್ಪತ್ರೆಯಿಂದ ಮನೆಗೆ ಕರೆತಂದಾಗ ಬಲಗೈ ಬಿದ್ದಿತ್ತು, ಮಾತು ತೊದಲುತ್ತಿತ್ತು. ಜೀವ ಉಳಿಯಿತಲ್ಲ, ಇನ್ನೆಂಥ ಹೆದರಿಕೆ ಎಂದುಕೊಂಡೆವು. ಆ ಮಧ್ಯಾಹ್ನವೇ ಅವ್ವ ಒಂದು ಲೋಟ ನೀರು ಕುಡಿಸಿದಳು. ಅಪ್ಪನಿಗೆ ಕೆಮ್ಮು ಬಂತು; ಆಮೇಲೆ ಕೆಮ್ಮೂ ನಿಂತಿತು. ಮುಖ ಕಪ್ಪಿಟ್ಟಿತು, ಕಣ್ಣು ಹೊರಗೆ ಬಂದವು. ಬಗ್ಗಿಸಿ ಬೆನ್ನು ಗುದ್ದಿದೆವು. ಅವನ ಉಸಿರು ತಿರುಗಿ ಬರುವಷ್ಟರಲ್ಲಿ ಅವ್ವನ ಮುಖದಲ್ಲಿ ರಕ್ತವಿರಲಿಲ್ಲ.

ಗಂಟಲಿಗೂ ಲಕ್ವಾ ತಾಗಿದೆ ಎಂದರು ಡಾಕ್ಟರು. ನೆಟ್ಟಗೆ ಕೂಡಿಸಿ, ಗದ್ದ ತುಸು ಬಾಗಿಸಿ, ಗಂಜಿಯನ್ನು ಗಟ್ಟಿಯಾಗಿ ಮಾಡಿ ಸಣ್ಣ ಚಮಚೆಯಲ್ಲಿ ಕೊಡಬೇಕು. ಒಂದು ತುತ್ತು ಇಳಿದ ಮೇಲೆಯೇ ಇನ್ನೊಂದು. ಹೇಳುವುದು ಸುಲಭ.

ಅಂದಿನಿಂದ ಊಟದ ಹೊತ್ತಿಗೆ ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ. ಅವ್ವ ಟಿವಿ ಆರಿಸುತ್ತಿದ್ದಳು, ಫ್ಯಾನು ಆರಿಸುತ್ತಿದ್ದಳು, ಬಾಗಿಲು ಹಾಕುತ್ತಿದ್ದಳು. ಅಪ್ಪ ನುಂಗಿದ ಸದ್ದು ಕೇಳಬೇಕಲ್ಲ! ನಾನು ಸಿಂದಗಿಯಲ್ಲಿ ಶಿಕ್ಷಕಿ; ಶನಿವಾರ ಶಾಲೆ ಬಿಟ್ಟೊಡನೆ ಇಂಡಿಗೆ ಬಸ್ಸು ಹತ್ತುತ್ತಿದ್ದೆ. ಅಪ್ಪ ಬಾಯಿ ತೆರೆದರೆ ನನ್ನ ಬಾಯಿಯೂ ತೆರೆಯುತ್ತಿತ್ತು. ಅವನು ನುಂಗಿದರೆ ನಾನು ಬರೀ ಉಗುಳು ನುಂಗುತ್ತಿದ್ದೆ. ಹೀಗೆ ನುಂಗಿ ನುಂಗಿ ಬಿಕ್ಕಳಿಕೆ ಹತ್ತಿದಾಗ ಅವ್ವ ನನ್ನನ್ನೂ ಹೊರಗೆ ಹಾಕಿದಳು.

ಮುದ್ದೇಬಿಹಾಳದಲ್ಲಿ ಅವ್ವನ ತಂಗಿಯ ಮಗಳ ಮದುವೆ ಬಂತು.

"ಯವ್ವಾ, ನೀ ಹೋಗಿ ಬಾ. ಅಪ್ಪಗ ನಾ ಉಣಸ್ತೇನಿ" ಎಂದೆ.

"ನೀ ಮಾತಾಡ್ಕೋತ ಉಣಸ್ತಿ. ಅವರು ನಗತಾರ. ನಕ್ಕರ ಗಂಟಲಾಗ ಸಿಗತೈತಿ."

"ನಗಸೂದಿಲ್ಲ, ಆಣಿ ಮಾಡ್ತೇನಿ."

"ಬ್ಯಾಡ. ನಿನ್ನ ಕೈಯಾಗ ಏನರ ಆದ್ರ, ಸಾಯೂತನಾ ಅದು ನಿನ್ನ ಬಿಡೂದಿಲ್ಲ."

ಅವಳು ಮದುವೆಗೆ ಹೋಗಲಿಲ್ಲ. ಅವಳು ಉಂಡದ್ದನ್ನೂ ನಾನು ಕಾಣಲಿಲ್ಲ. ಕೇಳಿದರೆ, "ಆಗಲೇ ಆತು" ಅನ್ನುತ್ತಿದ್ದಳು.

ಒಂದು ಭಾನುವಾರ ಮುಂಜಾನೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಒಳಗಿಂದ ಅಪ್ಪನ ಕೂಗು ಕೇಳಿತು. ಮಾತಲ್ಲ, ಬರೀ ದನಿ. ಗಂಟಲಲ್ಲಿ ಸಿಕ್ಕಿಕೊಂಡಿತೆಂದೇ ಓಡಿದೆ. ಅಪ್ಪ ನೆಟ್ಟಗೆ ಕೂತಿದ್ದ. ನೆಲದ ಮೇಲೆ ಬಿದ್ದಿದ್ದವಳು ಅವ್ವ. ಸುತ್ತಲೂ ಗಂಜಿ ಚೆಲ್ಲಿತ್ತು. ನಾವೆಲ್ಲ ಒಬ್ಬರಿಗಾಗಿ ಅಂಜುತ್ತಿದ್ದಾಗ ಇನ್ನೊಬ್ಬರು ನಮ್ಮ ಕಣ್ಣೆದುರೇ ಸೊರಗಿ ಹೋಗಿದ್ದರು.

ನೆರೆಮನೆಯ ಶಾಂತಕ್ಕ ಬಂದು ಮುಖಕ್ಕೆ ನೀರು ಚಿಮುಕಿಸಿದಳು. ಡಾಕ್ಟರು ನಾಡಿ ಹಿಡಿದು, "ಊಟ ಇಲ್ಲ, ನಿದ್ದಿ ಇಲ್ಲ. ಹಿಂಗ ನಡದ್ರ ಇವರ ಮೊದಲ ಹಾಸಿಗಿ ಹಿಡೀತಾರ" ಎಂದರು.

ಸಂಜೆ ಗಂಜಿಯ ಬಟ್ಟಲು ನನ್ನ ಕೈಗೆ ಬಂತು. ಅಪ್ಪ ತುಟಿ ಬಿಗಿದುಕೊಂಡ. "ಅಂಜಬ್ಯಾಡಪ್ಪಾ" ಎಂದೆ. ಅವನು ಎಡಗೈಯಿಂದ ಅವ್ವನನ್ನು ತೋರಿಸಿದ.

"ಆಕಿ... ಮೊದಲ."

ಎಷ್ಟು ಹೇಳಿದರೂ ಬಾಯಿ ತೆರೆಯಲಿಲ್ಲ. ಕೊನೆಗೆ ಅವ್ವ ಗೋಡೆಗೆ ಒರಗಿ, ಅಳುತ್ತಲೇ ಹಾಲಿನಲ್ಲಿ ರೊಟ್ಟಿ ನೆನೆಸಿಕೊಂಡು ಉಂಡಳು. ಆಗ ಅಪ್ಪ ಬಾಯಿ ತೆರೆದ. ನಾಲ್ಕಾರು ತುತ್ತು ಇಳಿದಿರಬೇಕು, ಕೆಮ್ಮು ಬಂತು. ಅವ್ವನನ್ನು ನೋಡಿದೆ. ಅವಳು ಏಳಲಿಲ್ಲ.

"ಮುಂದಕ್ಕ ಬಗ್ಗಸು. ಕೆಮ್ಮಲಿ, ಕೆಮ್ಮಾಕ ಬಿಡು."

ಅಪ್ಪ ಕೆಮ್ಮಿದ, ಮತ್ತೆ ಕೆಮ್ಮಿದ. ಸಿಕ್ಕಿದ್ದು ಹೊರಗೆ ಬಂತು.

"ಆತು. ಈಗ ತುಸು ತಡದು ಕೊಡು" ಎಂದಳು ಅವ್ವ. ದನಿ ಗಟ್ಟಿಯಾಗಿತ್ತು. ಅಪ್ಪನ ಜೀವವನ್ನು ಅವಳು ನನ್ನ ಕೈಗೂ ಕೊಡುತ್ತಿದ್ದಳು.

ಆಮೇಲೆ ಶಾಂತಕ್ಕನೂ ಉಣಿಸುವುದನ್ನು ಕಲಿತಳು. ಅವ್ವ ಮಧ್ಯಾಹ್ನ ಮಲಗತೊಡಗಿದಳು. ಮದುಮಗಳನ್ನು ನೋಡಲು ಮುದ್ದೇಬಿಹಾಳಕ್ಕೂ ಹೋಗಿಬಂದಳು, ಹೊತ್ತುಹೊತ್ತಿಗೆ ಫೋನು ಮಾಡಿ, "ಇಳೀತೇನ?" ಎಂದು ಕೇಳುತ್ತಿದ್ದಳು. ಭಯ ಹೋಗಲಿಲ್ಲ, ಮೂವರಲ್ಲಿ ಹಂಚಿಹೋಯಿತು. ಕಳೆದ ಮಳೆಗಾಲದಲ್ಲಿ ಅಪ್ಪ ಮಲಗಿದಲ್ಲೇ ಹೋದ, ನಿದ್ದೆಯಲ್ಲಿ.

ಈಗ ಅವ್ವ ಸಿಂದಗಿಯಲ್ಲಿ ನನ್ನ ಜೊತೆ ಇದ್ದಾಳೆ. ನಿನ್ನೆ ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿದು ನಡೆದಳು. ನಾನು ಸದ್ದಿಲ್ಲದೆ ಹಿಂದೆ ಹೋದೆ. ಹಿಂತಿರುಗಿ ಬಂದು ಕೂತವಳು ನನ್ನನ್ನೇ ನೋಡಿದಳು.

"ನನಗ ಮುಂದ ಹೆಂಗ ಆಗತೈತೋ. ನೀ ಒಬ್ಬಾಕಿನ ಮಾಡಬ್ಯಾಡ. ಮಂದೀನ ಕರಿ."

ನಾನು ಹೊರಗೆ ಬಂದೆ. ಎದುರುಮನೆಯಾಕೆ ಕಟ್ಟೆಯ ಮೇಲೆ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದಳು. ಈವರೆಗೆ ಅವಳೊಂದಿಗೆ ನನ್ನದು ಚಹಾ ಆಯಿತೇ, ಊಟ ಆಯಿತೇ ಎಂಬಷ್ಟೇ ಮಾತು.

"ಅವ್ವಗ ನಡ್ಯಾಕ ತ್ರಾಸ ಆಗಾಕತ್ತೈತ್ರಿ" ಎಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. "ನನಗ ಭಾಳ ಅಂಜಿಕಿ ಬರಾಕತ್ತೈತಿ."

ಅವಳು ಮೊರ ಪಕ್ಕಕ್ಕಿಟ್ಟಳು. ಸೆರಗಿನಿಂದ ಕೈ ಒರೆಸಿಕೊಂಡು ಚಪ್ಪಲಿ ಮೆಟ್ಟಿದಳು.

"ನಡೀರಿ" ಎಂದಳು.