ನನ್ನ ಚಿತ್ರಪುಸ್ತಕ, ಭಾವನ ನಾಟಕ

ನಾಟಕ ಅಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ನಾಟಕದ ಮೇಲಲ್ಲ, ಆಡುವವರ ಮೇಲೆ. ಅದರಲ್ಲೂ ನನ್ನ ಗಂಡನ ಅಣ್ಣನ ಮೇಲೆ. ಎದುರಿಗೆ ಭಾವಾರ ಅನ್ನಲೇಬೇಕು. ಬರೆಯುವಾಗಲಾದರೂ ಆ ಮರ್ಯಾದೆ ಬೇಡ.

ನನ್ನ ತವರು ಮುದ್ದೇಬಿಹಾಳದ ಕಡೆ. ಹಳೆಯ ನಾಟಕಗಳನ್ನು ನಾನು ಓದಿದ್ದೆಲ್ಲ ತಾಳಿಕೋಟೆ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಸಿಗುತ್ತಿದ್ದ ಚಿತ್ರಪುಸ್ತಕಗಳಲ್ಲಿ. ಒಂದನ್ನಂತೂ ಹರಿದು ಚಿಂದಿಯಾಗುವವರೆಗೆ ಓದಿದೆ. ಗುರುತು ಸಿಗದೆ ಸ್ವಂತ ಮಗನಿಗೇ ವಿಷ ಕೊಟ್ಟ ರಾಣಿಯ ಕಥೆ. ಕೊನೆಯ ಪುಟದಲ್ಲಿ ಮಾತೇ ಇರಲಿಲ್ಲ. ತೊಡೆಯ ಮೇಲೆ ಮಗ, ಆಕೆಯ ಮುಖ, ಅಷ್ಟೆ. ಮದುವೆಯಾದ ಮೇಲೆ ಅದೇ ನಾಟಕದ ಸಿನಿಮಾ ಮೊಬೈಲಿನಲ್ಲಿ ಸಿಕ್ಕಿತು. ರೊಟ್ಟಿ ಬಡಿಯುತ್ತ ನೋಡಿದೆ, ಹಂಚಿನ ಮೇಲಿನದು ಕರಕಾದದ್ದೂ ತಿಳಿಯಲಿಲ್ಲ. ರಾಣಿಯ ಈ ಅಳುವನ್ನು ಒಮ್ಮೆ ಸ್ಟೇಜಿನ ಎದುರಿಗೆ ಕೂತು, ಪೂರ್ತಿ ನೋಡಬೇಕು ಅನ್ನುವ ಆಸೆ ಅಲ್ಲಿಂದ ಹತ್ತಿಕೊಂಡಿತು.

ಭಾವ ಬಸವನ ಬಾಗೇವಾಡಿಯ ಹವ್ಯಾಸಿ ನಟ. ನಮ್ಮ ಮನೆಗೆ ಬಂದು ಊಟಕ್ಕೆ ಕೂತಾಗಲೆಲ್ಲ ಕೆಣಕುತ್ತಿದ್ದ. "ಮೊಬೈಲ್‌ನ್ಯಾಗ ಇಲ್ಲಾ ಚಿತ್ರಪುಸ್ತಕದಾಗ ನಾಟಕ ನೋಡೂದಂದ್ರ ಫೋಟೋದಾಗಿನ ಹೋಳಿಗಿ ತಿಂದಂಗವಾ. ಸ್ಟೇಜ್ ಮ್ಯಾಲೆ ನನ್ನ ನೋಡ್ ಬಾ."

ಹೋದ ವರ್ಷ ಅದೇ ನಾಟಕ ಆಡಿದರು. ರಾಣಿಯ ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯನ್ನು ಕರೆಸಿದ್ದರು. ಎಳೆಯ ರಾಜಕುಮಾರ ಮಾತ್ರ ಐವತ್ತು ದಾಟಿದ, ಹೊಟ್ಟೆ ಬಂದ ನಮ್ಮ ಭಾವ! ಅದನ್ನೂ ಸಹಿಸಿಕೊಂಡೆ. ಅವನು ಸತ್ತ. ಆ ಹೆಣ್ಣುಮಗಳು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿ ತೆರೆದಳು. ನನ್ನ ಕಣ್ಣು ತುಂಬಿ ಬಂದವು. ಅಷ್ಟರಲ್ಲಿ ಮೈಕಿನಲ್ಲಿ ಕೂಗು: "ಈಗ ಆಯೇರಿ!"

ನಮ್ಮ ಕಡೆ ಹೀಗೇ. ನಾಟಕ ನಿಲ್ಲಿಸಿ, ಹೆಸರು ಕೂಗಿ, ನಟನಿಗೆ ಶಾಲು, ಟವೆಲ್ಲು ಹೊದಿಸುವುದು. ಹೆಣ ಎದ್ದು ನಿಂತಿತು. ಷಡ್ಡಕ ಬಂದ, ಬೀಗರು ಬಂದರು, ಸಿಂದಗಿಯ ಗೆಳೆಯರು ಬಂದರು. ಸತ್ತವನು ಎಲ್ಲರಿಗೂ ಹಲ್ಲುಕಿರಿದು ಕೈಮುಗಿದ. ರಾಣಿ ಪಾಪ, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಕೂತಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು. ಇಂಥವರು ನನ್ನ ಚಿತ್ರಪುಸ್ತಕಕ್ಕೆ ನಗುವವರು!

ಆಮೇಲೆ ನಮ್ಮ ಮನೆತನದ ಹೆಸರು ಕೂಗಿದರು. ಗಂಡ ಹೊಸ ಟವೆಲ್ಲನ್ನು ನನ್ನ ಕೈಗೆ ತುರುಕಿ, "ಹೋಗ್, ಅಣ್ಣಗ ಹೊಚ್ಚಿ ಬಾ" ಅಂದ.

ಹೋದೆ. ಭಾವ ಹೆಗಲು ಒಡ್ಡಿದ.

"ಮಲ್ಕೋರಿ ಭಾವಾರ. ನೀವು ಸತ್ತೀರಿ," ಅಂದೆ.

ಮೈಕು ಹತ್ತಿರವೇ ಇತ್ತು. ಮಂದಿ ಹೋ ಎಂದು ನಕ್ಕರು. ಅವನು ಮತ್ತೆ ಮಲಗಿದ. ಹೆಣಕ್ಕೆ ಹೊದಿಸುವ ಹಾಗೆ ಟವೆಲ್ಲನ್ನು ಅವನ ಮುಖದ ಮೇಲೆ ಎಳೆದು, ರಾಣಿಗೆ "ಇನ್ನ ಅಳ್ರಿ ಯವ್ವಾ" ಅಂದೆ.

ಆಕೆ ಅತ್ತಳು. ನಗುತ್ತಿದ್ದ ಮಂದಿ ಗಪ್ಪಾದರು. ಕೆಳಗಿಳಿಯುವುದನ್ನೂ ಮರೆತು ಪರದೆಯ ಪಕ್ಕದಲ್ಲೇ ನಿಂತು ಕೊನೆಯವರೆಗೂ ನೋಡಿದೆ. ಸಿನಿಮಾದವಳಿಗಿಂತ ಚಂದ ಅತ್ತಳು, ಸುಳ್ಳೇಕೆ ಹೇಳಲಿ.

ಅಪಶಕುನ ಮಾಡಿದಳು ಅಂತ ಭಾವ ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ, ನಮ್ಮ ಹೊಸ್ತಿಲು ತುಳಿಯುವುದಿಲ್ಲ. ತಪ್ಪಾಯಿತು ಅನ್ನು ಅಂತ ಗಂಡ ಬೆನ್ನುಹತ್ತಿದ್ದಾನೆ. ನಾನು ಅನ್ನುವುದಿಲ್ಲ. ಆ ಟವೆಲ್ಲಿನ ಕೆಳಗೆ ಭಾವ ಒಮ್ಮೆಯೂ ಮಿಸುಕಲಿಲ್ಲ. ಜನ್ಮದಲ್ಲಿ ಅವನು ಚೆನ್ನಾಗಿ ಆಡಿದ್ದು ಅದೊಂದೇ ಪಾತ್ರ.