ಬೇಲಿಯ ತಡಮೆಯಲ್ಲಿ ಎರಡು ತಟ್ಟೆ

ಕ್ರಿಸ್ಮಸ್ ಬೆಳಿಗ್ಗೆ ಬೇಲಿ ದಾಟುವ ತಡಮೆಯಲ್ಲಿ ನನ್ನ ಅಮ್ಮನೂ ಪಕ್ಕದ ಮನೆಯ ಸಿಸಿಲಿ ಬಾಯಿಯೂ ಎದುರಾದರು. ಇಬ್ಬರ ಕೈಯಲ್ಲೂ ಬಾಳೆಲೆ ಮುಚ್ಚಿದ ತಟ್ಟೆ. ಅರವತ್ತರ ದಶಕದ ನಮ್ಮ ಬ್ರಹ್ಮಾವರದಲ್ಲಿ ಸಾವಾದ ಮನೆಯವರು ವರ್ಷ ತುಂಬುವವರೆಗೆ ಎಣ್ಣೆ ಕಾಯಿಸಿ ತಿಂಡಿ ಕರಿಯುತ್ತಿರಲಿಲ್ಲ. ಹಬ್ಬದ ತಿಂಡಿಯನ್ನು ನೆರೆಯವರೇ ಕೊಡಬೇಕು. ಸಿಸಿಲಿ ಬಾಯಿಯ ಗಂಡ ತೀರಿಕೊಂಡು ಮೂರೇ ತಿಂಗಳಾಗಿತ್ತು. ಅವಳ ತಟ್ಟೆಯ ಎಲೆ ಎತ್ತಿದರೆ ಕರಿದ ನೆವ್ರಿ, ಅವರ ಹಬ್ಬದ ಕರ್ಜಿಕಾಯಿ!

“ನೀವ್ ಎಂತಕ್ಕೆ ಮಾಡುಕ್ ಹೋದ್ರಿ?” ಅಮ್ಮ ಗದರಿದಳು.

ಸಿಸಿಲಿ ಬಾಯಿಯ ಕಣ್ಣು ಕೆಂಪಾಗಿತ್ತು, ಆದರೂ ನಕ್ಕಳು. “ಅವ್ರ್ ಹೋದ್ರ್ ಅಂದೇಳಿ ಯೇಸು ಹುಟ್ದೇ ಇಪ್ಪುಕಾತ್ತಾ ಅಕ್ಕ? ಕಣ್ಣೀರ್ ಒರ್ಸ್ಕಂತ್ಲೇ ಕರ್ದೆ.”

ಮುಂದೆ ಅಪ್ಪ ತೀರಿಕೊಂಡ ವರ್ಷ ದೀಪಾವಳಿಗೆ ಅಮ್ಮ ಎಣ್ಣೆ ಕಾಯಿಸಲಿಲ್ಲ. ಕ್ರಿಸ್ಮಸ್ ಬೆಳಿಗ್ಗೆ ನೋಡಿದರೆ, ಅಮ್ಮ ತಾನೇ ಕರಿದ ಬಿಸಿ ಚಕ್ಕುಲಿಯ ತಟ್ಟೆ ಹಿಡಿದು ಅದೇ ತಡಮೆಯಲ್ಲಿ ನಿಂತಿದ್ದಳು.